ಗಡಿಯಾರ ಮುಂದೆ ತಳ್ಳಿದವರು

ಮೇ ತಿಂಗಳ ಮೊದಲ ವಾರ ನಮ್ಮ ಕಡೆಯ ಬೆಳವಣಕಿ ಹಳ್ಳಿಯ ಯಾವುದಾದರೂ ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ ಕಾಯಿರಿ. ನೆರಳು ಕುಗ್ಗುತ್ತ ಕುಗ್ಗುತ್ತ ಬಂದು ಒಂದು ಗಳಿಗೆ ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಹೊತ್ತು ನೆತ್ತಿಗೆ ಬಂತು, ಮಟಮಟ ಮಧ್ಯಾಹ್ನ. ಈಗ ಮೊಬೈಲ್ ನೋಡಿ: 12 ಹೊಡೆದು ಸುಮಾರು 25 ನಿಮಿಷ ಕಳೆದಿರುತ್ತದೆ. ದೇಶದ ಗಡಿಯಾರ ನಡೆಯುವುದು ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ಬೆಳವಣಕಿ ಇರುವುದು 75.6ರ ಆಸುಪಾಸು. ಡಿಗ್ರಿಗೆ 4 ನಿಮಿಷದಂತೆ, ವರ್ಷದ ಸರಾಸರಿಯಲ್ಲಿ, ನಾವು ಸೂರ್ಯನಿಗಿಂತ ಸುಮಾರು 27 ನಿಮಿಷ ಮುಂದಿದ್ದೇವೆ. (ಮೇ ಹೊತ್ತಿಗೆ ಸೂರ್ಯನೇ ಎರಡು ಮೂರು ನಿಮಿಷ ಬೇಗ ಬರುತ್ತಾನೆ.)

ಬೇಕೆಂದೇ ಗಡಿಯಾರವನ್ನು ಸೂರ್ಯನಿಗಿಂತ ಮುಂದಿಡಬಹುದು ಎಂಬುದು ಮೊದಲು ಹೊಳೆದದ್ದು ಹುಳ ಹಿಡಿಯುವವನೊಬ್ಬನಿಗೆ. ನ್ಯೂಜಿಲೆಂಡಿನ ವೆಲಿಂಗ್ಟನ್ ಅಂಚೆ ಕಚೇರಿಯ ನೌಕರ ಜಾರ್ಜ್ ಹಡ್ಸನ್ ಪಾಳಿ ಮುಗಿಸಿ ಕೀಟ ಸಂಗ್ರಹಕ್ಕೆ ಹೊರಡುತ್ತಿದ್ದ. ಸಂಜೆಯ ಬೆಳಕು ಎಷ್ಟಿದ್ದರೂ ಸಾಲದು. ಬೇಸಿಗೆಯಲ್ಲಿ ಎರಡು ತಾಸು ಗಡಿಯಾರ ಮುಂದಿಡೋಣ ಎಂದು 1895ರಲ್ಲಿ ಅಲ್ಲಿನ ವಿದ್ವತ್ ಸಭೆಯ ಮುಂದೆ ಪ್ರಬಂಧ ಓದಿದ. ಯಾರೂ ಒಪ್ಪಲಿಲ್ಲ. 1905ರಲ್ಲಿ ಇಂಗ್ಲೆಂಡಿನ ಕಟ್ಟಡ ಗುತ್ತಿಗೆದಾರ ವಿಲಿಯಂ ವಿಲೆಟ್ ನಸುಕಿನಲ್ಲಿ ಕುದುರೆ ಸವಾರಿ ಹೋಗುತ್ತ, ಬೆಳ್ಳಗೆ ಬೆಳಗಾಗಿದ್ದರೂ ಮನೆಗಳ ಕಿಟಕಿ ಮುಚ್ಚಿರುವುದನ್ನು ಕಂಡು ಮರುಗಿದ. ಎರಡು ವರ್ಷಕ್ಕೆ ಪುಸ್ತಿಕೆ ಅಚ್ಚು ಹಾಕಿಸಿದ. ಅವನು ತೀರಿಕೊಂಡದ್ದು 1915ರಲ್ಲಿ. ಮರುವರ್ಷ ಏಪ್ರಿಲ್ 30ಕ್ಕೆ, ಯುದ್ಧದಲ್ಲಿ ಕಲ್ಲಿದ್ದಲು ಉಳಿಸಲು, ಜರ್ಮನಿ ಗಡಿಯಾರ ಮುಂದಿಟ್ಟಿತು.

ನಮಗೂ ಅದು ಇನ್ನೊಂದು ಯುದ್ಧದ ಜತೆಗೇ ಬಂತು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ ಮಧ್ಯದವರೆಗೆ ಭಾರತದ ಸಮಯ ಒಂದು ತಾಸು ಮುಂದಿತ್ತು, ಬೇಸಿಗೆ ಚಳಿಗಾಲ ಎನ್ನದೆ. ಆ ಲೆಕ್ಕಕ್ಕೆ ಬೆಳವಣಕಿಯಲ್ಲಿ ನೆತ್ತಿಯ ಹೊತ್ತು ಒಂದೂವರೆಗೆ. ಯುದ್ಧ ಮುಗಿಯಿತು, ಮುಳ್ಳು ಹಿಂದಕ್ಕೆ ಬಂತು.

ಈ ಕತೆಯ ಮುಂದಿನ ಎಳೆ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ ಮತ್ತು ಡಿ.ಪಿ. ಸೇನ್‌ಗುಪ್ತ ವಿದ್ಯುತ್ ಬಳಕೆಯ ಏರಿಳಿತದ ಗೆರೆಗಳನ್ನು ಮುಂದಿಟ್ಟುಕೊಂಡು ಕೂತರು. ಹೊತ್ತು ಮುಳುಗಿದ ಕೂಡಲೇ ಗೆರೆ ಗಕ್ಕನೆ ಮೇಲೇಳುತ್ತದೆ. ಮನೆಮನೆಯಲ್ಲಿ ದೀಪ ಹತ್ತಿತು ಎಂದು ಅರ್ಥ. ದೀಪ ಹಚ್ಚುವುದು ಸೂರ್ಯನನ್ನು ನೋಡಿ, ಆರಿಸಿ ಮಲಗುವುದು ಗಡಿಯಾರ ನೋಡಿ. ಇವೆರಡರ ನಡುವಿನ ಅಂತರ ಕಡಿಮೆ ಮಾಡಿದರೆ ವಿದ್ಯುತ್ ಉಳಿಯುತ್ತದೆ! ವರ್ಷಕ್ಕೆರಡು ಸಲ ಗಡಿಯಾರ ತಿರುವುವ ಗೋಜಿಲ್ಲ, ಎರಡು ಸಮಯ ವಲಯ ಮಾಡಿ ರೈಲು ಓಡಾಟವನ್ನು ಅಪಾಯಕ್ಕೆ ಒಡ್ಡುವುದೂ ಬೇಡ. ಇಡೀ ದೇಶದ ಗಡಿಯಾರವನ್ನು ಒಂದೇ ಸಲ, ಶಾಶ್ವತವಾಗಿ, ಅರ್ಧ ತಾಸು ಮುಂದಿಟ್ಟರೆ ವರ್ಷಕ್ಕೆ 200 ಕೋಟಿ ಯೂನಿಟ್‌ಗೂ ಹೆಚ್ಚು ಉಳಿತಾಯ ಎಂದು ಅವರ ಲೆಕ್ಕ. 2007ರಲ್ಲಿ ಅದು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. ಇಷ್ಟು ಸರಳವಾದ ಸತ್ಯವನ್ನು ಇಷ್ಟು ತಾಳ್ಮೆಯಿಂದ ಹೆಕ್ಕಿದ ಕೆಲಸಕ್ಕೆ ನನ್ನ ಗೌರವವಿದೆ.

ಆದರೂ ನಾನು ಒಪ್ಪಲಾರೆ. ಜನವರಿ ನಡುವಿನಲ್ಲಿ ಬೆಳವಣಕಿಯಲ್ಲಿ ಹೊತ್ತು ಮೂಡುವುದೇ ಏಳಕ್ಕೆ. ಅರ್ಧ ತಾಸು ತಳ್ಳಿದರೆ ಏಳೂವರೆ. ಶನಿವಾರದ ಮುಂಜಾನೆ ಶಾಲೆಗೆ ಮಕ್ಕಳು ತಲೆಗೆ ನೀರು ಹಾಕಿಕೊಂಡು ಹೊರಡುವಾಗ ಎರಿ ಹೊಲದ ಮೇಲೆ ಇಬ್ಬನಿ ಇನ್ನೂ ಎದ್ದಿರುವುದಿಲ್ಲ. ರೊಟ್ಟಿ ಬಡಿದು, ಬುತ್ತಿ ಕಟ್ಟಿ ಅವರನ್ನು ಕಳಿಸುವ ತಾಯಿ ಏಳಬೇಕಾದದ್ದು ಕಗ್ಗತ್ತಲಲ್ಲಿ. ಅಮೆರಿಕ 1974ರ ಜನವರಿಯಲ್ಲಿ ಗಡಿಯಾರವನ್ನು ವರ್ಷಪೂರ್ತಿ ಮುಂದಿಡಲು ಹೋಗಿ, ಕತ್ತಲಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಲಾರೆವೆಂದು ಜನ ತಿರುಗಿಬಿದ್ದಾಗ ಅಕ್ಟೋಬರಿಗೇ ಕೈಬಿಟ್ಟಿತು. 2011ರಲ್ಲಿ ಶುರುಮಾಡಿದ ರಷ್ಯಾ 2014ರಲ್ಲಿ ಹಿಂದೆ ಸರಿಯಿತು. ಮೇಲಾಗಿ ಬೆಂಗಳೂರಿನ ಲೆಕ್ಕ ಹಾಕಿದ ಕಾಲದ ದೀಪಗಳೇ ಈಗಿಲ್ಲ. 60 ವ್ಯಾಟಿನ ಹಳೆಯ ಬಲ್ಬಿನ ಕೆಲಸವನ್ನು 9 ವ್ಯಾಟಿನ ಎಲ್‌ಇಡಿ ಮಾಡುತ್ತಿದೆ.

ಅಸ್ಸಾಮಿನ ಚಹಾ ತೋಟಗಳು ಒಂದು ತಾಸು ಮುಂದಿನ ಗಡಿಯಾರ ಇಟ್ಟುಕೊಂಡು ಬಂದಿವೆ. ಅಲ್ಲಿ ಬೆಳಗಾಗುವುದೇ ಬೇಗ, ಅವರಿಗೆ ಅದು ನ್ಯಾಯ. ಪಡುವಣದ ನಮ್ಮ ಹಳ್ಳಿಗಳು 1906ರಿಂದಲೂ 27 ನಿಮಿಷ ಮುಂಗಡ ಕೊಟ್ಟೇ ಬದುಕುತ್ತಿವೆ. ದಿಲ್ಲಿಯಲ್ಲಿ ಈ ಮಾತು ಮತ್ತೆ ಎದ್ದಾಗ, ತೀರ್ಮಾನ ಮಾಡುವವರು ಜನವರಿಯ ಒಂದು ಶನಿವಾರ ಬೆಳಗಿನ ಆರೂವರೆಗೆ ಬೆಳವಣಕಿಯ ಬಸ್ ಸ್ಟ್ಯಾಂಡಿಗೆ ಬಂದು ನಿಂತು ನೋಡಲಿ.