ಸೈರನ್ ಕೂಗಿದರಷ್ಟೇ ಸಾಲದು

ಊರಿಗೆಲ್ಲ ಸುದ್ದಿ ತಿಳಿಸಬೇಕಾದಾಗ ಹಿಂದೆ ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುತ್ತಿದ್ದರು. ತಮಟೆಯ ಸದ್ದು ಕೇಳಿದೊಡನೆ ಜನ ಕೈಗೆಲಸ ಬಿಟ್ಟು ಕಿವಿಗೊಡುತ್ತಿದ್ದರು. ತಮಟೆ ನಿಂತ ಮೇಲೆ ಸಾರುವವನು ವಿಷಯ ಹೇಳುತ್ತಿದ್ದ. ಸದ್ದು ಗಮನ ಸೆಳೆಯಲು, ಮಾತು ವಿಷಯ ತಿಳಿಸಲು. ಎರಡರಲ್ಲಿ ಒಂದು ತಪ್ಪಿದರೂ ಡಂಗುರ ವ್ಯರ್ಥ. ಕಾರ್ಖಾನೆಯಿಂದ ವಿಷಾನಿಲ ಸೋರಿದಾಗ ಸುತ್ತಲ ಜನರನ್ನು ಎಚ್ಚರಿಸುವ ವ್ಯವಸ್ಥೆಗೂ ಇದೇ ಮಾತು ಅನ್ವಯಿಸುತ್ತದೆ. 1984ರಲ್ಲಿ ಭೋಪಾಲದ ಜನರಿಗೆ ಸಕಾಲಕ್ಕೆ ಸದ್ದೂ ಕೇಳಿಸಲಿಲ್ಲ, ಮಾತೂ ಮುಟ್ಟಲಿಲ್ಲ.

ಆ ವರ್ಷದ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ 610ನೇ ಟ್ಯಾಂಕಿಗೆ ನೀರು ಸೇರಿತು. ಒಳಗಿದ್ದ ಮೀಥೈಲ್ ಐಸೊಸಯನೇಟ್ ಕಾದು ಉಕ್ಕಿ, ಸುಮಾರು 40 ಟನ್ನಿನಷ್ಟು ಅನಿಲ ಹೊರನುಗ್ಗಿತು. ಕಾರ್ಖಾನೆಯಲ್ಲಿ ಎರಡು ಸೈರನ್‌ಗಳಿದ್ದವು. ಒಂದು ಒಳಗಿನ ಕಾರ್ಮಿಕರಿಗೆ, ಇನ್ನೊಂದು ಹೊರಗಿನ ಜನರಿಗೆ. ಸಣ್ಣಪುಟ್ಟ ಸೋರಿಕೆಗೆಲ್ಲ ಊರವರು ಗಾಬರಿಯಾಗಬಾರದೆಂದು 1982ರಲ್ಲೇ ಇವೆರಡರ ಸಂಪರ್ಕ ಬೇರ್ಪಡಿಸಲಾಗಿತ್ತು. ಅಂದು ರಾತ್ರಿ 12.50ರ ಸುಮಾರಿಗೆ ಹೊರಗಿನ ಸೈರನ್ ಸ್ವಲ್ಪ ಹೊತ್ತು ಕೂಗಿ ನಿಂತಿತು. ಅದು ಮತ್ತೆ ಕೂಗಿದ್ದು 2 ಗಂಟೆ ಕಳೆದ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ! ಅಷ್ಟರಲ್ಲಿ ಎದುರಿನ ಜೆ.ಪಿ. ನಗರ ಮೊದಲಾದ ಬಡವರ ಬಸ್ತಿಗಳನ್ನು ಅನಿಲ ಆವರಿಸಿಯಾಗಿತ್ತು. ಸರ್ಕಾರಿ ಲೆಕ್ಕದ ಪ್ರಕಾರವೇ 5 ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಸೈರನ್ ಸಕಾಲಕ್ಕೆ ಕೂಗಿದ್ದರೂ ಏನು ಮಾಡಬೇಕೆಂಬುದು ಆ ಜನರಿಗೆ ತಿಳಿದಿರಲಿಲ್ಲ. ಈ ಅನಿಲ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಡುತ್ತದೆ. ನೀರಿನೊಡನೆ ವರ್ತಿಸುವುದರಿಂದ ಒದ್ದೆ ಬಟ್ಟೆಯನ್ನು ಮೂಗು ಬಾಯಿಗೆ ಒತ್ತಿಕೊಂಡರೆ ಒಂದಷ್ಟು ರಕ್ಷಣೆ ಸಿಗುತ್ತದೆ. ಗಾಳಿ ಬೀಸುವ ದಿಕ್ಕಿಗೆ ಓಡದೆ ಅದಕ್ಕೆ ಅಡ್ಡಲಾಗಿ ಸರಿಯಬೇಕು. ಇಷ್ಟು ಹೇಳಲು ಒಂದು ಕರಪತ್ರ ಸಾಕಿತ್ತು. ಅದನ್ನು ಯಾರೂ ಹಂಚಿರಲಿಲ್ಲ. ಅನೇಕರು ಅನಿಲ ಸಾಗುತ್ತಿದ್ದ ದಿಕ್ಕಿಗೇ ಓಡಿದರು. ಓಡಿದಷ್ಟೂ ಉಸಿರು ಹೆಚ್ಚಿತು. ಉಸಿರಿನೊಡನೆ ವಿಷವೂ ಒಳಸೇರಿತು. ಹಮೀದಿಯಾ ಆಸ್ಪತ್ರೆಯ ವೈದ್ಯರಿಗೂ ತಾವು ಯಾವ ವಿಷಕ್ಕೆ ಚಿಕಿತ್ಸೆ ಕೊಡುತ್ತಿದ್ದೇವೆಂಬುದು ಗೊತ್ತಿರಲಿಲ್ಲ.

ಮುನ್ನೆಚ್ಚರಿಕೆ ಕೊಟ್ಟವರು ಇರಲಿಲ್ಲವೆಂದಲ್ಲ. 1981ರ ಡಿಸೆಂಬರ್‌ನಲ್ಲಿ ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲಕ್ಕೆ ಕಾರ್ಮಿಕನೊಬ್ಬ ಬಲಿಯಾಗಿದ್ದ. ಸ್ಥಳೀಯ ಪತ್ರಕರ್ತ ರಾಜಕುಮಾರ ಕೇಸ್ವಾನಿ 1982ರಲ್ಲಿ ತಮ್ಮ ಪುಟ್ಟ ಹಿಂದಿ ವಾರಪತ್ರಿಕೆಯಲ್ಲಿ ಊರಿಗೆ ಕಾದಿರುವ ಅಪಾಯದ ಬಗ್ಗೆ ಮೇಲಿಂದ ಮೇಲೆ ಬರೆದರು. ಕಿವಿಗೊಟ್ಟವರು ಮಾತ್ರ ಕಡಿಮೆ.

ಇಂಥ ಅನುಭವ ಭೋಪಾಲಕ್ಕೇ ಮೀಸಲಲ್ಲ. 1976ರ ಜುಲೈ 10ರಂದು ಇಟಲಿಯ ಸೆವೆಸೊ ಬಳಿಯ ಕಾರ್ಖಾನೆಯಿಂದ ಡಯಾಕ್ಸಿನ್ ಬೆರೆತ ಮೋಡ ಹೊರಬಿತ್ತು. ಅತಿ ಹೆಚ್ಚು ವಿಷ ಬಿದ್ದಿದ್ದ ಪ್ರದೇಶದ ಜನರನ್ನು ತೆರವುಗೊಳಿಸಲು ಆರಂಭಿಸಿದ್ದು ಎರಡು ವಾರಗಳ ನಂತರ. ಈ ಪಾಠದಿಂದ ಯುರೋಪಿನ ದೇಶಗಳು 1982ರಲ್ಲಿ ‘ಸೆವೆಸೊ ನಿರ್ದೇಶನ’ ಹೊರಡಿಸಿ, ಅಪಾಯಕಾರಿ ಕಾರ್ಖಾನೆಯ ನೆರೆಯವರಿಗೆ ಮೊದಲೇ ಮಾಹಿತಿ ಕೊಡಬೇಕೆಂದು ವಿಧಿಸಿದವು. ಭೋಪಾಲದ ಮರುವರ್ಷ ಅದೇ ಕಂಪನಿಯ ಅಮೆರಿಕದ ವೆಸ್ಟ್ ವರ್ಜಿನಿಯಾ ಕಾರ್ಖಾನೆಯಲ್ಲೂ ಸೋರಿಕೆಯಾಗಿ ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅಲ್ಲಿಯೂ ಎಚ್ಚರಿಕೆ ತಡವಾಯಿತು. 1986ರಲ್ಲಿ ಅಮೆರಿಕ, ಪಕ್ಕದ ಕಾರ್ಖಾನೆಯಲ್ಲಿ ಏನಿದೆ ಎಂದು ತಿಳಿಯುವುದು ನಾಗರಿಕರ ಹಕ್ಕೆಂದು ಕಾನೂನು ಮಾಡಿತು.

ಭಾರತದಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ ಎರಡು ಮುಖ್ಯ ನಿಯಮಾವಳಿಗಳು ಬಂದವು. 1989ರ ನಿಯಮಗಳ ಪ್ರಕಾರ ಕಾರ್ಖಾನೆಯ ಆವರಣದೊಳಗಿನ ತುರ್ತು ಯೋಜನೆ ಮಾಲೀಕರ ಹೊಣೆ. ಹೊರಗಿನ ಯೋಜನೆ ಜಿಲ್ಲಾಡಳಿತದ ಹೊಣೆ. ಎರಡನ್ನೂ ಅಣಕು ಕಾರ್ಯಾಚರಣೆಯ ಮೂಲಕ ಪರೀಕ್ಷಿಸುತ್ತಿರಬೇಕು. ಅಪಘಾತವಾದರೆ ತೊಂದರೆಗೆ ಸಿಲುಕಬಹುದಾದ ಜನರಿಗೆ ಅಪಾಯದ ಸ್ವರೂಪವನ್ನೂ, ಆಗ ಮಾಡಬೇಕಾದ ಮತ್ತು ಮಾಡಬಾರದ ಕೆಲಸಗಳನ್ನೂ ಮೊದಲೇ ತಿಳಿಸಬೇಕು. 1996ರ ನಿಯಮಗಳು ಕೇಂದ್ರದಿಂದ ಸ್ಥಳೀಯ ಮಟ್ಟದವರೆಗೆ ‘ಬಿಕ್ಕಟ್ಟು ನಿರ್ವಹಣಾ ಗುಂಪು’ಗಳನ್ನು ರಚಿಸಿದವು.

ಕಾಗದದ ಮೇಲೆ ಕ್ರಮ ಸರಳವಾಗಿದೆ. ಸೋರಿಕೆ ಕಂಡ ಕಾರ್ಮಿಕ ಗುಂಡಿ ಒತ್ತಬೇಕು, ಸೈರನ್ ಕೂಗಬೇಕು. ಸಾಮಾನ್ಯವಾಗಿ ಏರಿಳಿಯುವ ಕೂಗು ಅಪಾಯಕ್ಕೆ, ಒಂದೇ ಸಮನೆಯ ದೀರ್ಘ ಕೂಗು ಅಪಾಯ ಕಳೆದುದಕ್ಕೆ ಸೂಚನೆ. ಜಿಲ್ಲಾಡಳಿತಕ್ಕೆ, ಅಗ್ನಿಶಾಮಕ ದಳಕ್ಕೆ, ಆಸ್ಪತ್ರೆಗಳಿಗೆ ಯಾವ ರಾಸಾಯನಿಕ, ಎಷ್ಟು, ಗಾಳಿ ಯಾವ ಕಡೆಗೆ ಎಂಬ ವಿವರ ಹೋಗಬೇಕು. ಊರು ಬಿಡಬೇಕೋ, ಕಿಟಕಿ ಬಾಗಿಲು ಭದ್ರಪಡಿಸಿ ಮನೆಯಲ್ಲೇ ಇರಬೇಕೋ ಎಂದು ಜನರಿಗೆ ಧ್ವನಿವರ್ಧಕದಲ್ಲಿ ಹೇಳಬೇಕು. ಸೋರಿಕೆ ಅಲ್ಪಕಾಲದ್ದಾದರೆ ಮನೆಯೊಳಗಿರುವುದೇ ಎಷ್ಟೋ ಸಲ ಕ್ಷೇಮ.

ಆದರೆ ಎಲ್ಲವೂ ನಿಂತಿರುವುದು ಮೊದಲ ಗುಂಡಿಯ ಮೇಲೆ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಸೋರಿ 12 ಮಂದಿ ಸತ್ತರು. ಗೇಟಿನ ಬಳಿಯದೂ ಸೇರಿ 36 ಕಡೆಗಳಿಂದ ಸೈರನ್ ಕೂಗಿಸುವ ಅನುಕೂಲವಿದ್ದರೂ ಅದನ್ನು ಬಳಸಲಿಲ್ಲವೆಂದು ಆಂಧ್ರ ಸರ್ಕಾರದ ಉನ್ನತಾಧಿಕಾರ ಸಮಿತಿ ವರದಿ ಮಾಡಿತು. ಭೋಪಾಲವಾಗಿ 35 ವರ್ಷ ಕಳೆದಿತ್ತು. ನಿಯಮಗಳಿದ್ದವು, ಸೈರನ್ನೂ ಇತ್ತು. ಮಲಗಿದ್ದ ಊರಿಗೆ ಅದು ಕೇಳಿಸಲಿಲ್ಲ.

ಇಂಥ ತಡಕ್ಕೆ ಯಂತ್ರದ ದೋಷಕ್ಕಿಂತ ಮನುಷ್ಯನ ಹಿಂಜರಿಕೆ ದೊಡ್ಡ ಕಾರಣ. ಇನ್ನೈದು ನಿಮಿಷದಲ್ಲಿ ಹತೋಟಿಗೆ ಬಂದೀತೆಂಬ ಆಸೆ, ಮೇಲಿನವರ ಅಪ್ಪಣೆಯಿಲ್ಲದೆ ಊರೆಬ್ಬಿಸಿದರೆ ಕೆಲಸಕ್ಕೆ ಸಂಚಕಾರವೆಂಬ ಭಯ. ಆದ್ದರಿಂದಲೇ ಗುಂಡಿ ಒತ್ತುವ ಅಧಿಕಾರ ಪಾಳಿಯಲ್ಲಿರುವ ಕಟ್ಟಕಡೆಯ ಕಾರ್ಮಿಕನಿಗೂ ಇರಬೇಕು. ಸುಳ್ಳು ಎಚ್ಚರಿಕೆಗಾಗಿ ಅವನಿಗೆ ಶಿಕ್ಷೆಯಾಗಬಾರದು.

ಹೊಸ ಸಾಧನವೊಂದು ಈಗ ನೆರವಿಗೆ ಬಂದಿದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳು ಇದ್ದಕ್ಕಿದ್ದಂತೆ ಚೀರಿ ಜನರನ್ನು ಬೆಚ್ಚಿಬೀಳಿಸಿದ್ದು ನೆನಪಿರಬಹುದು. ನಿರ್ದಿಷ್ಟ ಪ್ರದೇಶದ ಫೋನುಗಳಿಗೆಲ್ಲ ಏಕಕಾಲಕ್ಕೆ ಎಚ್ಚರಿಕೆ ಕಳಿಸುವ ವ್ಯವಸ್ಥೆಯ ಪರೀಕ್ಷೆ ಅದು. ಸದ್ದಿನ ಜೊತೆಗೆ ಮಾತನ್ನೂ ತಲುಪಿಸುತ್ತದೆಂಬುದು ಇದರ ಹೆಚ್ಚುಗಾರಿಕೆ. ಆದರೂ ಕಾರ್ಖಾನೆಯವರು ಬಾಯಿಬಿಟ್ಟ ಮೇಲಷ್ಟೇ ಫೋನು ಬಾಯಿಬಿಟ್ಟೀತು.

ಅಪಾಯ ಕಾರ್ಖಾನೆಯ ಕಾಂಪೌಂಡಿನೊಳಗೇ ಇರುವುದಿಲ್ಲ. ಮಂಗಳೂರಿನಿಂದ ಘಟ್ಟ ಹತ್ತುವ ಟ್ಯಾಂಕರುಗಳ ಮೇಲಿನ ಫಲಕದಲ್ಲಿ ನಾಲ್ಕಂಕಿಯ ಸಂಖ್ಯೆಯೊಂದು ಇರುತ್ತದೆ. 1075 ಎಂದರೆ ಅಡುಗೆ ಅನಿಲ, 1005 ಎಂದರೆ ಅಮೋನಿಯಾ, 1017 ಎಂದರೆ ಕ್ಲೋರಿನ್. ಟ್ಯಾಂಕರ್ ಉರುಳಿದರೆ ಹತ್ತಿರ ಹೋಗದೆ, ದೂರದಿಂದ ಕಂಡ ಆ ಸಂಖ್ಯೆಯನ್ನು ಅಗ್ನಿಶಾಮಕ ದಳಕ್ಕೆ ತಿಳಿಸಿದರೆ ಅವರು ತಕ್ಕ ಸಿದ್ಧತೆಯೊಂದಿಗೆ ಬರಬಲ್ಲರು.

ಕಾರ್ಖಾನೆಯ ನೆರೆಯಲ್ಲಿ ವಾಸಿಸುವವರು ಕೇಳಬೇಕಾದ ಪ್ರಶ್ನೆಗಳು ಮೂರೇ. ಒಳಗೆ ಏನಿದೆ? ಸೋರಿದರೆ ನಮಗೆ ಹೇಗೆ ತಿಳಿಯುತ್ತದೆ? ತಿಳಿದ ಮೇಲೆ ನಾವೇನು ಮಾಡಬೇಕು? ಉತ್ತರ ಕೊಡಬೇಕಾದದ್ದು ಕಾನೂನಿನ ಪ್ರಕಾರ ಕರ್ತವ್ಯ, ಉಪಕಾರವಲ್ಲ. ಅದನ್ನು ಕೇಳಿ ಪಡೆಯಲು ತಕ್ಕ ಕಾಲ, ಸೈರನ್ ಮೌನವಾಗಿರುವ ಮಾಮೂಲಿ ದಿನವೇ.