ಅಂಗೈಯಲ್ಲಿ ಭೂಮಾಪನ: ಮೊಬೈಲ್ ಫೋನಿನಲ್ಲಿ ಸೆಂಟಿಮೀಟರ್ ನಿಖರತೆ ಪಡೆಯುವ ಬಗೆ

ವ್ಯಾಪಾರ ಹಾಗೂ ಕೈಗಾರಿಕೆಯಲ್ಲಿ ತೊಡಗಿರುವವರಿಗೆ ಜಾಗದ ಅಳತೆಯೆಂದರೆ ಹಣದ ಅಳತೆಯೇ ಸರಿ. ಗೋದಾಮಿಗೆಂದು ಖರೀದಿಸುವ ಜಮೀನಿನ ಮೇರೆ, ಕಾರ್ಖಾನೆಯ ಆವರಣ ಗೋಡೆಯ ತಳಪಾಯ, ನೆಲದಡಿ ಹೂತಿರುವ ನೀರಿನ ಕೊಳವೆ ಮತ್ತು ವಿದ್ಯುತ್ ಕೇಬಲ್ಲುಗಳ ಜಾಡು, ಕಲ್ಲುಗಣಿ ಗುತ್ತಿಗೆಯ ಎಲ್ಲೆ, ಇವು ಒಂದೆರಡು ಅಡಿ ಆಚೀಚೆ ಆದರೂ ವ್ಯಾಜ್ಯಕ್ಕೋ ಅನವಶ್ಯಕ ವೆಚ್ಚಕ್ಕೋ ದಾರಿಯಾಗುತ್ತವೆ. ಇತ್ತೀಚಿನ ವರ್ಷಗಳಲ್ಲಿ ಜಮೀನು ನೋಡಲು ಹೋಗುವ ಬಹುತೇಕ ವರ್ತಕರು ಮೊಬೈಲ್ ಫೋನಿನಲ್ಲಿಯೇ ಸ್ಥಾನವನ್ನು ಗುರುತಿಸಿಕೊಳ್ಳುತ್ತಿದ್ದಾರೆ. ಆ ಫೋನು ತೋರಿಸುವ ಬಿಂದುವನ್ನು ಎಷ್ಟರಮಟ್ಟಿಗೆ ನಂಬಬಹುದು, ಅದರ ನಿಖರತೆಯನ್ನು ಹೆಚ್ಚಿಸಿಕೊಳ್ಳುವುದು ಹೇಗೆ ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಐದು ಮೀಟರಿನ ಬೆಲೆ

ತೆರೆದ ಆಕಾಶದ ಕೆಳಗೆ ಸಾಮಾನ್ಯ ಸ್ಮಾರ್ಟ್‌ಫೋನಿನ ಸ್ಥಾನ ನಿರ್ಣಯದಲ್ಲಿ ಸುಮಾರು 5 ಮೀಟರ್ ವ್ಯತ್ಯಾಸ ಇರುವುದು ಸಹಜ. ಕಟ್ಟಡ, ಮರ, ತಗಡಿನ ಶೆಡ್ಡುಗಳ ಪಕ್ಕದಲ್ಲಿ ಇದು ಇನ್ನೂ ಹೆಚ್ಚುತ್ತದೆ. ರಸ್ತೆ ಹುಡುಕುವುದಕ್ಕೆ, ಸರಕು ಸಾಗಿಸುವ ಲಾರಿ ಎಲ್ಲಿದೆಯೆಂದು ತಿಳಿಯುವುದಕ್ಕೆ ಇಷ್ಟು ಸಾಕು. ಆದರೆ ನಮ್ಮಲ್ಲಿ ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಪ್ರತಿ ಬದಿಯೂ ಸುಮಾರು 10 ಮೀಟರ್. ಐದು ಮೀಟರಿನ ತಪ್ಪು ಗುಂಟೆಯ ಅರ್ಧ ಬದಿಯನ್ನೇ ನುಂಗುತ್ತದೆ.

ಚೌಕಾಕಾರದ ಒಂದು ಎಕರೆ ಜಮೀನಿನ ಬದಿಯ ಉದ್ದ ಸುಮಾರು 63.6 ಮೀಟರ್. ಅದರ ಒಂದೇ ಬದಿಯ ಗೆರೆ 3 ಮೀಟರ್ ಸರಿದರೆ ಸುಮಾರು 191 ಚದರ ಮೀಟರ್, ಎಂದರೆ ಹೆಚ್ಚುಕಡಿಮೆ ಎರಡು ಗುಂಟೆ ಲೆಕ್ಕ ತಪ್ಪುತ್ತದೆ. ಅದೇ ಗೆರೆ 3 ಸೆಂಟಿಮೀಟರ್ ಮಾತ್ರ ಸರಿದಲ್ಲಿ ವ್ಯತ್ಯಾಸ 20 ಚದರ ಅಡಿಯಷ್ಟೇ. ಈ ಎರಡು ಅಂಕಿಗಳ ನಡುವಿನ ಅಂತರವೇ ಹೆಚ್ಚಿನ ನಿಖರತೆಯ ವ್ಯವಸ್ಥೆಗೆ ನಾವು ತೆರಬೇಕಾದ ಬೆಲೆಯನ್ನು ಸಮರ್ಥಿಸುತ್ತದೆ.

ತಪ್ಪು ಎಲ್ಲಿಂದ ಬರುತ್ತದೆ?

ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಸಂಕೇತಗಳನ್ನು ಕಳುಹಿಸುತ್ತವೆ. ನಾಗರಿಕ ಬಳಕೆಯ ಸಂಕೇತವನ್ನು ಅಮೆರಿಕವು ಉದ್ದೇಶಪೂರ್ವಕವಾಗಿ ಮಸುಕುಗೊಳಿಸುತ್ತಿದ್ದ ಪದ್ಧತಿ 2000ನೇ ಇಸವಿಯ ಮೇ ತಿಂಗಳಿನಲ್ಲಿ ಕೊನೆಗೊಂಡಿತು. ಇಂದಿನ ಫೋನುಗಳು ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದೌ ಉಪಗ್ರಹಗಳನ್ನೂ, ಕೆಲವು ಫೋನುಗಳು ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳನ್ನೂ ಬಳಸಿಕೊಳ್ಳುತ್ತವೆ. ಆದರೂ ಉಪಗ್ರಹದ ಗಡಿಯಾರ ಮತ್ತು ಕಕ್ಷೆಯ ಸಣ್ಣ ದೋಷಗಳು, ವಾತಾವರಣದಲ್ಲಿ ಸಂಕೇತಕ್ಕಾಗುವ ವಿಳಂಬ, ಗೋಡೆಗಳಿಗೆ ತಾಗಿ ಪ್ರತಿಫಲಿಸಿ ಬರುವ ಸಂಕೇತ, ಇವೆಲ್ಲ ಕೂಡಿ ಮೀಟರುಗಳ ಲೆಕ್ಕದ ತಪ್ಪಾಗುತ್ತವೆ.

ಇದಕ್ಕೆ ಪರಿಹಾರ ಸರಳ ತತ್ತ್ವವೊಂದರಲ್ಲಿದೆ. ಕರಾರುವಾಕ್ಕಾದ ಸ್ಥಾನ ಮೊದಲೇ ತಿಳಿದಿರುವ ಜಾಗದಲ್ಲಿ ಒಂದು ರಿಸೀವರನ್ನು ಶಾಶ್ವತವಾಗಿ ಸ್ಥಾಪಿಸಿದರೆ, ಆ ಕ್ಷಣದಲ್ಲಿ ಬರುತ್ತಿರುವ ದೋಷವೆಷ್ಟೆಂದು ಅದು ಲೆಕ್ಕಹಾಕಬಲ್ಲದು. ಆ ತಿದ್ದುಪಡಿಯನ್ನು ಅಂತರಜಾಲದ ಮೂಲಕ ಪಡೆದ ಸಮೀಪದ ರಿಸೀವರ್ ತನ್ನ ಸ್ಥಾನವನ್ನು ಸರಿಪಡಿಸಿಕೊಳ್ಳುತ್ತದೆ. ಇದರೊಂದಿಗೆ ಸಂಕೇತದ ವಾಹಕ ತರಂಗವನ್ನೇ ಅಳತೆಗೋಲಾಗಿ ಬಳಸಲಾಗುತ್ತದೆ. ಜಿಪಿಎಸ್‌ನ ಎಲ್1 ತರಂಗದ ಉದ್ದ ಕೇವಲ 19 ಸೆಂಟಿಮೀಟರ್. ಅದರ ಒಂದು ಅಂಶವನ್ನು ಅಳೆಯಲು ಸಾಧ್ಯವಾದುದರಿಂದಲೇ ಸೆಂಟಿಮೀಟರ್ ನಿಖರತೆ ದೊರೆಯುತ್ತದೆ. ಈ ವಿಧಾನಕ್ಕೆ ಆರ್‌ಟಿಕೆ ಎಂದು ಹೆಸರು.

ಬೇಕಾಗುವ ಮೂರು ಅಂಗಗಳು

ದುಬಾರಿ ಫೋನು ಕೊಂಡ ಮಾತ್ರಕ್ಕೆ ಈ ನಿಖರತೆ ಬರುವುದಿಲ್ಲ. ಎರಡು ಆವರ್ತಾಂಕಗಳನ್ನು ಗ್ರಹಿಸುವ ಫೋನು 2018ರಲ್ಲಿ ಶಿಯೋಮಿ ಮಿ 8ರ ಮೂಲಕ ಮಾರುಕಟ್ಟೆಗೆ ಬಂದಿತಾದರೂ, ಫೋನಿನೊಳಗಿನ ಪುಟ್ಟ ಆಂಟೆನಾ ಪ್ರತಿಫಲಿತ ಸಂಕೇತಗಳನ್ನು ತಡೆಯಲಾರದು. ಆದ್ದರಿಂದ ಮೊದಲನೆಯ ಅಂಗ, ಬ್ಲೂಟೂತ್ ಅಥವಾ ಯುಎಸ್‌ಬಿ ಮೂಲಕ ಫೋನಿಗೆ ಜೋಡಿಸುವ ಪ್ರತ್ಯೇಕ ಆರ್‌ಟಿಕೆ ರಿಸೀವರ್ ಮತ್ತು ಅದರ ಆಂಟೆನಾ. ಸ್ವಿಟ್ಜರ್ಲೆಂಡಿನ ಯೂ-ಬ್ಲಾಕ್ಸ್ ಸಂಸ್ಥೆಯ ಝೆಡ್‌ಇಡಿ-ಎಫ್9ಪಿಯಂತಹ ಬಿಲ್ಲೆಗಳು ಬಂದ ಮೇಲೆ ಇಂತಹ ಉಪಕರಣಗಳು ಸಣ್ಣ ಉದ್ಯಮಗಳ ಕೈಗೂ ಎಟುಕುವಂತಾಗಿವೆ.

ಎರಡನೆಯದು ತಿದ್ದುಪಡಿ ಮಾಹಿತಿಯ ಮೂಲ. ಭಾರತೀಯ ಸರ್ವೇಕ್ಷಣಾ ಇಲಾಖೆಯು ದೇಶದಾದ್ಯಂತ ಶಾಶ್ವತ ಆಧಾರ ಕೇಂದ್ರಗಳ ಜಾಲವನ್ನು ಸ್ಥಾಪಿಸಿದ್ದು, ಕರ್ನಾಟಕವೂ ಇದರ ವ್ಯಾಪ್ತಿಯಲ್ಲಿದೆ. ಇದನ್ನು ಕಾರ್ಸ್ ಜಾಲವೆಂದು ಕರೆಯುತ್ತಾರೆ. ಗ್ರಾಮೀಣ ವಸತಿ ಪ್ರದೇಶಗಳನ್ನು ಡ್ರೋನ್ ಮೂಲಕ ಅಳೆಯಲು 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಗೂ ಇದೇ ಜಾಲ ಆಧಾರ. ಆಸಕ್ತರು ಇಲಾಖೆಯ ಜಾಲತಾಣದಲ್ಲಿ ನೋಂದಾಯಿಸಿಕೊಂಡು, ಚಾಲ್ತಿಯಲ್ಲಿರುವ ಶುಲ್ಕ ಮತ್ತು ನಿಯಮಗಳನ್ನು ಪರಿಶೀಲಿಸತಕ್ಕದ್ದು.

ಮೂರನೆಯದು ಫೋನಿನಲ್ಲಿ ಅಳವಡಿಸುವ ತಂತ್ರಾಂಶ. ನೇಪಾಳದಲ್ಲಿ ರೂಪುಗೊಂಡ ಎಸ್‌ಡಬ್ಲ್ಯೂ ಮ್ಯಾಪ್ಸ್ ಇಂತಹ ಕೆಲಸಕ್ಕೆ ವ್ಯಾಪಕವಾಗಿ ಬಳಕೆಯಲ್ಲಿದೆ.

ಅಳವಡಿಸುವ ಕ್ರಮ

1. ರಿಸೀವರನ್ನು ಫೋನಿಗೆ ಬ್ಲೂಟೂತ್ ಮೂಲಕ ಜೋಡಿಸಿ, ತಂತ್ರಾಂಶದಲ್ಲಿ ಅದನ್ನು ಆಯ್ಕೆ ಮಾಡಬೇಕು.

2. ತಿದ್ದುಪಡಿ ಮಾಹಿತಿಗಾಗಿ ಎನ್‌ಟ್ರಿಪ್ ವಿಭಾಗದಲ್ಲಿ ಸೇವೆಯ ವಿಳಾಸ, ಪೋರ್ಟ್ ಸಂಖ್ಯೆ (ಸಾಮಾನ್ಯವಾಗಿ 2101), ಬಳಕೆದಾರರ ಹೆಸರು ಮತ್ತು ಗುಪ್ತಪದವನ್ನು ನಮೂದಿಸಬೇಕು. ಇದಕ್ಕೆ ಗಂಟೆಗೆ ಕೆಲವೇ ಮೆಗಾಬೈಟ್ ಡೇಟಾ ಸಾಕು. ಆದರೆ ಸಂಪರ್ಕ ಕಡಿಯದಂತಿರುವುದು ಮುಖ್ಯ.

3. ದೊರೆಯುವ ಪಟ್ಟಿಯಿಂದ ಸೂಕ್ತ ಸೇವೆಯನ್ನು ಆರಿಸಬೇಕು. ಜಾಲ ಆಧಾರಿತ ಸೇವೆಯಾದಲ್ಲಿ ನಮ್ಮ ಸ್ಥಾನವನ್ನು ಸರ್ವರಿಗೆ ಕಳುಹಿಸುವ ಆಯ್ಕೆಯನ್ನು ತೆರೆದಿಡಬೇಕು. ಇಲ್ಲದಿದ್ದರೆ ತಿದ್ದುಪಡಿ ಬಾರದು.

4. ಆಂಟೆನಾ ಕೋಲಿನ ಎತ್ತರವನ್ನು ನಮೂದಿಸಬೇಕು. 2 ಮೀಟರ್ ಕೋಲಿನ ಎತ್ತರ ಮರೆತರೆ ಮಟ್ಟದಲ್ಲಿ 2 ಮೀಟರ್ ತಪ್ಪುತ್ತದೆ. ಕೋಲು ಒಂದು ಡಿಗ್ರಿ ವಾಲಿದರೂ ಸ್ಥಾನ ಮೂರೂವರೆ ಸೆಂಟಿಮೀಟರ್ ಸರಿಯುತ್ತದೆ.

5. ಪರದೆಯ ಮೇಲೆ 'ಫಿಕ್ಸ್' ಎಂದು ಬರುವವರೆಗೆ ಕಾಯಬೇಕು. 'ಫ್ಲೋಟ್' ಎಂದಿರುವಾಗ ಮಾಡಿದ ಅಳತೆಯನ್ನು ಸೆಂಟಿಮೀಟರ್ ನಿಖರತೆಯದೆಂದು ಪರಿಗಣಿಸಲಾಗದು.

6. ಇತರ ತಂತ್ರಾಂಶಗಳಿಗೂ ಈ ಸ್ಥಾನ ಬೇಕಾದಲ್ಲಿ ಆಂಡ್ರಾಯ್ಡ್ ಫೋನಿನ 'ಡೆವಲಪರ್ ಆಯ್ಕೆ'ಗಳಲ್ಲಿ 'ಮಾಕ್ ಲೊಕೇಶನ್' ಎಂಬುದನ್ನು ನಿಯೋಜಿಸಬೇಕು. ಫೋನಿನ ವಿವರಗಳಲ್ಲಿರುವ ಬಿಲ್ಡ್ ಸಂಖ್ಯೆಯನ್ನು ಏಳು ಬಾರಿ ಒತ್ತಿದರೆ ಈ ಆಯ್ಕೆಗಳು ತೆರೆದುಕೊಳ್ಳುತ್ತವೆ. ಕೆಲವು ಬ್ಯಾಂಕ್ ತಂತ್ರಾಂಶಗಳು ಈ ಸ್ಥಿತಿಯಲ್ಲಿ ಕೆಲಸ ಮಾಡಲು ನಿರಾಕರಿಸುವುದರಿಂದ ಕೆಲಸ ಮುಗಿದೊಡನೆ ಇದನ್ನು ರದ್ದುಪಡಿಸುವುದು ಕ್ಷೇಮ.

ನಮ್ಮ ಭಾಗದಲ್ಲಿ ಗಮನಿಸಬೇಕಾದುದು

ಭೂಕಾಂತೀಯ ಸಮಭಾಜಕ ರೇಖೆಯು ದಕ್ಷಿಣ ಭಾರತದ ತುದಿಯ ಸಮೀಪ ಹಾದುಹೋಗುತ್ತದೆ. ಈ ಕಾರಣದಿಂದ ಸೂರ್ಯಾಸ್ತದ ನಂತರ ನಮ್ಮ ಮೇಲಿನ ಅಯಾನುಮಂಡಲ ಕದಡಿ, ಸಂಕೇತಗಳು ಹೊಯ್ದಾಡುವುದುಂಟು. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ತಿಂಗಳುಗಳಲ್ಲಿ ಇದು ಹೆಚ್ಚು. ಆದುದರಿಂದ ಅಳತೆಯ ಕೆಲಸವನ್ನು ಬೆಳಗಿನ ಹೊತ್ತು ಮುಗಿಸುವುದು ಒಳಿತು.

ಎತ್ತರದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ರಿಸೀವರ್ ನೇರವಾಗಿ ಲೆಕ್ಕಹಾಕುವ ಎತ್ತರ ಸಮುದ್ರ ಮಟ್ಟದಿಂದ ಅಳೆದುದಲ್ಲ. ಬೆಂಗಳೂರಿನಲ್ಲಿ ಈ ಎರಡರ ನಡುವೆ ಸುಮಾರು 85 ಮೀಟರ್ ವ್ಯತ್ಯಾಸವಿದೆ. ಚರಂಡಿಯ ಇಳಿಜಾರು, ಕಟ್ಟಡದ ಮಟ್ಟ ಇತ್ಯಾದಿಗಳಿಗೆ ಯಾವ ಎತ್ತರವನ್ನು ಬಳಸಲಾಗಿದೆಯೆಂದು ದಾಖಲೆಯಲ್ಲಿ ಬರೆದಿಡಬೇಕು. ಯುಟಿಎಂ ಪದ್ಧತಿಯಲ್ಲಿ ಕರ್ನಾಟಕದ ಬಹುಭಾಗ 43ನೇ ವಲಯಕ್ಕೆ ಸೇರಿದರೂ ಕೋಲಾರ ಪಟ್ಟಣ ಮತ್ತು ಅದರ ಪೂರ್ವದ ಪ್ರದೇಶ 44ನೇ ವಲಯದಲ್ಲಿದೆ. ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದಲ್ಲಿ ಉಳಿಸುವಾಗ ಕನಿಷ್ಠ ಏಳು ಸ್ಥಾನಗಳಿರಬೇಕು. ಐದೇ ಸ್ಥಾನಗಳಿದ್ದರೆ ದಾಖಲೆಯ ಕೊನೆಯ ಅಂಕಿ ಒಂದು ಮೀಟರಿಗೆ ಸಮವಾಗಿ, ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ನಂಬುವ ಮುನ್ನ ಪರೀಕ್ಷಿಸಿ

ಪರದೆಯ ಮೇಲೆ '2 ಸೆಂಟಿಮೀಟರ್' ಎಂದು ಮೂಡುವುದು ಉಪಕರಣದ ಅಂದಾಜೇ ಹೊರತು ಪ್ರಮಾಣಪತ್ರವಲ್ಲ. ತಗಡಿನ ಛಾವಣಿಯ ಬಳಿ 'ಫಿಕ್ಸ್' ಎಂದೇ ತೋರಿಸಿ ತಪ್ಪು ಸ್ಥಾನ ಕೊಡುವ ಸಂದರ್ಭಗಳೂ ಇವೆ. ಒಂದೇ ಬಿಂದುವನ್ನು ಒಂದು ಗಂಟೆಯ ಅಂತರದಲ್ಲಿ ಎರಡು ಬಾರಿ ಅಳೆದು ಹೋಲಿಸಬೇಕು. ಎರಡು ಬಿಂದುಗಳ ನಡುವಿನ ದೂರವನ್ನು ಉಕ್ಕಿನ ಟೇಪಿನಿಂದಲೂ ಅಳೆಯಬೇಕು. ಇವೆರಡೂ ಹೊಂದಿಕೊಂಡ ನಂತರವೇ ತಳಪಾಯಕ್ಕೆ ಗುರುತು ಹಾಕಿಸಬೇಕು.

ಇದಕ್ಕಿಂತ ಮುಖ್ಯವಾದುದು ನಕ್ಷೆಯ ಪ್ರಶ್ನೆ. ನಿಂತ ಜಾಗದ ಸರ್ವೆ ನಂಬರ್ ತಿಳಿಸುವ ದಿಶಾಂಕ್ ತಂತ್ರಾಂಶ ಜಮೀನು ನೋಡುವವರಿಗೆ ಬಹಳ ಉಪಯುಕ್ತ. ಆದರೆ ಹಳೆಯ ಗ್ರಾಮ ನಕ್ಷೆಗಳನ್ನು ಗಣಕೀಕರಿಸಿ ಹೊಂದಿಸಿದ ಗೆರೆಗಳು ಸ್ಥಳದಲ್ಲಿನ ಬಾಂದು ಕಲ್ಲಿಗಿಂತ ಕೆಲವು ಮೀಟರ್ ಆಚೀಚೆ ಇರಬಹುದು. ಮೀಟರುಗಳ ಲೆಕ್ಕದ ನಕ್ಷೆಯ ಮೇಲೆ ಸೆಂಟಿಮೀಟರಿನ ಬಿಂದುವನ್ನು ಇಟ್ಟರೆ ನಕ್ಷೆಯೇನೂ ನಿಖರವಾಗುವುದಿಲ್ಲ. ನಮ್ಮ ಭ್ರಮೆ ಮಾತ್ರ ಹೆಚ್ಚುತ್ತದೆ.

ಕಾನೂನಿನ ಮಿತಿ

ಕೇಂದ್ರ ಸರ್ಕಾರವು 2021ರ ಫೆಬ್ರುವರಿ 15ರಂದು ಹೊರಡಿಸಿದ ಮಾರ್ಗಸೂಚಿಯ ಅನ್ವಯ ಭಾರತೀಯ ಸಂಸ್ಥೆಗಳು ಪೂರ್ವಾನುಮತಿಯಿಲ್ಲದೆ ನಿಖರ ಭೂ ದತ್ತಾಂಶವನ್ನು ಸಂಗ್ರಹಿಸಬಹುದಾಗಿದೆ. ನಿಷೇಧಿತ ಪಟ್ಟಿಯಲ್ಲಿರುವ ಸೂಕ್ಷ್ಮ ವಿವರಗಳಿಗೆ ಇದು ಅನ್ವಯಿಸುವುದಿಲ್ಲ. ಆದರೆ ಅಳೆಯುವ ಸ್ವಾತಂತ್ರ್ಯವು ಮೇರೆಯನ್ನು ನಿರ್ಣಯಿಸುವ ಅಧಿಕಾರವಲ್ಲ. ಕ್ರಯಪತ್ರದ ಚಕ್ಕುಬಂದಿ, ಭೂಮಾಪನ ಇಲಾಖೆಯ ಹದ್ದುಬಸ್ತು ಮತ್ತು 11ಇ ನಕ್ಷೆಯ ಸ್ಥಾನವನ್ನು ಯಾವ ಮೊಬೈಲ್ ಫೋನೂ ತುಂಬಲಾರದು.

ಹಾಗಾದರೆ ಈ ವ್ಯವಸ್ಥೆಯ ಪ್ರಯೋಜನವೇನು? ಮುಂಗಡ ಹಣ ಕೊಡುವ ಮೊದಲೇ ಮಾರಾಟಗಾರರು ಹೇಳಿದ ವಿಸ್ತೀರ್ಣ ಸ್ಥಳದಲ್ಲಿ ಇದೆಯೇ ಎಂದು ತಿಳಿಯಬಹುದು. ಕಾರ್ಖಾನೆಯ ನೆಲದಡಿಯ ಕೊಳವೆ, ಕೇಬಲ್ಲುಗಳನ್ನು ಮುಚ್ಚುವ ಮುನ್ನವೇ ಗುರುತಿಸಿಟ್ಟರೆ ಮುಂದೆ ಅಗೆಯುವ ಖರ್ಚು ಉಳಿಯುತ್ತದೆ. ಅಧಿಕೃತ ಭೂಮಾಪಕರನ್ನು ಕರೆಸುವ ಅಗತ್ಯ ಎಲ್ಲಿದೆ ಎಂಬುದೂ ಸ್ಪಷ್ಟವಾಗುತ್ತದೆ. ತಮ್ಮ ಕೆಲಸಕ್ಕೆ ಮೀಟರ್ ಸಾಕೋ, ಸೆಂಟಿಮೀಟರ್ ಬೇಕೋ ಎಂಬುದನ್ನು ಮೊದಲು ನಿರ್ಧರಿಸಿಕೊಂಡು, ಆನಂತರವೇ ಉಪಕರಣಕ್ಕೆ ಹಣ ತೊಡಗಿಸುವುದು ಸದಸ್ಯರಿಗೆ ಹಿತಕರ.