ಸಿಲಬಸ್: ಅಚ್ಚಿನ ತಪ್ಪಿಗೆ ಹುಟ್ಟಿದ ಪದ

ಪ್ರಶ್ನೆ: ‘ಸಿಲಬಸ್’ ಲ್ಯಾಟಿನ್ ಪದವೇ? ‘ಸಿಲಬಲ್’ಗೂ ಅದಕ್ಕೂ ನಂಟಿದೆಯೇ?

ಉತ್ತರ: ವೇಷ ಮಾತ್ರ ಲ್ಯಾಟಿನ್ನಿನದು. ಹಳೆಯ ರೋಮಿನವರ ಪುಸ್ತಕಗಳೆಂದರೆ ಸುರುಳಿಗಳು. ಒಳಗೇನಿದೆ ಎಂದು ಬಿಚ್ಚದೆಯೇ ತಿಳಿಯಲೆಂದು ಸುರುಳಿಯ ತುದಿಗೆ ಹೆಸರು ಬರೆದ ಚರ್ಮದ ಚೀಟಿ ಅಂಟಿಸುತ್ತಿದ್ದರು. ಅದಕ್ಕೆ ಗ್ರೀಕ್ ಹೆಸರು ‘ಸಿತ್ತುಬ’. ತನ್ನ ಗ್ರಂಥಭಂಡಾರಕ್ಕೆ ಇಂಥ ಚೀಟಿ ಹಚ್ಚಿಸಿದ ಸಂಗತಿಯನ್ನು ರೋಮಿನ ವಾಗ್ಮಿ ಸಿಸೆರೊ ಗೆಳೆಯ ಅಟ್ಟಿಕಸ್‌ಗೆ ಬರೆದ ಪತ್ರಗಳಲ್ಲಿ ಹೇಳಿಕೊಂಡಿದ್ದಾನೆ. 15ನೇ ಶತಮಾನದಲ್ಲಿ ಆ ಪತ್ರಗಳು ಅಚ್ಚಾದಾಗ ‘ತ್ತ’ಕಾರವಿದ್ದಲ್ಲಿ ‘ಲ್ಲ’ಕಾರ ಬಂದು ಕೂತು ‘ಸಿಲಬಸ್’ ಹುಟ್ಟಿತು. ಕರಡು ತಿದ್ದುವವರಿಗೆ ಇದಕ್ಕಿಂತ ಸಮಾಧಾನದ ಕಥೆ ಸಿಗಲಾರದು! ‘ಸಿಲಬಲ್’ನ ಮೂಲ ಬೇರೆಯೇ.

17ನೇ ಶತಮಾನದ ಇಂಗ್ಲಿಷಿನಲ್ಲಿ ಸಿಲಬಸ್ ಎಂದರೆ ವಿಷಯಗಳ ಪಟ್ಟಿ. 1864ರಲ್ಲಿ ಪೋಪ್ ಒಂಬತ್ತನೇ ಪಯಸ್ ಹೊರಡಿಸಿದ ‘ಸಿಲಬಸ್’ ಚರ್ಚು ಖಂಡಿಸಿದ 80 ವಿಚಾರಗಳ ಪಟ್ಟಿ. ಪಾಠಕ್ಕೂ ಅದಕ್ಕೂ ಸಂಬಂಧವಿಲ್ಲ.

ನಮ್ಮಲ್ಲಿ ಪದ ಇನ್ನೊಂದು ಮಗ್ಗುಲು ಬದಲಿಸಿದೆ. ‘ಮಗಳದು ಯಾವ ಸಿಲಬಸ್ಸು?’ ಎಂದು ಕೇಳಿದರೆ ಪಾಠಗಳ ಹೆಸರು ಯಾರೂ ಹೇಳುವುದಿಲ್ಲ. ‘ಸ್ಟೇಟು’, ‘ಸಿಬಿಎಸ್‌ಇ’ ಎಂಬ ಉತ್ತರ ಬರುತ್ತದೆ. ಅಂದರೆ ಬೋರ್ಡಿನ ಹೆಸರು. ಕೇಳಿದವರು ಅದರಿಂದಲೇ ಫೀಸನ್ನೂ ಅಂದಾಜು ಮಾಡಿಬಿಡುತ್ತಾರೆ. ನಿಜವಾದ ಪಾಠಕ್ಕೆ ಮಕ್ಕಳು ‘ಪೋರ್ಷನ್’ ಎನ್ನುತ್ತಾರೆ: ‘ಪೋರ್ಷನ್ ಮುಗೀತಾ?’ ‘ಔಟ್ ಆಫ್ ಸಿಲಬಸ್’ ಅಂತೂ ಪರೀಕ್ಷೆಯ ಕೊಠಡಿ ದಾಟಿ, ತಲೆಗೆ ಹತ್ತದ ಎಲ್ಲದಕ್ಕೂ ಸಲ್ಲುತ್ತಿದೆ, ಸೊಸೆಯ ಅಡುಗೆಯಿಂದ ಹಿಡಿದು ಆದಾಯ ತೆರಿಗೆಯವರೆಗೆ.